ಹೆಕ್ಟೇರಿಗೊಬ್ಬ ದಾನಿ: ಕಡಲಹಕ್ಕಿಗಳ ದ್ವೀಪ ಉಳಿಸಲು ಹಣ ಕೂಡಿಸುವ ಬಗೆ

ದಕ್ಷಿಣ ಆಫ್ರಿಕಾಕ್ಕೆ ಸೇರಿದ ಮರಿಯನ್ ಎಂಬ ದ್ವೀಪವನ್ನು ಇಲಿಗಳಿಂದ ಬಿಡಿಸಲು ಜಗತ್ತಿನ ನಾನಾ ಮೂಲೆಗಳಿಂದ ಹಣ ಕೂಡಿಸಲಾಗುತ್ತಿದೆ. ಅದಕ್ಕೆ ಬೇಕಾದ ಮೊತ್ತ ಸುಮಾರು 2.9 ಕೋಟಿ ಅಮೆರಿಕನ್ ಡಾಲರ್ ಎಂದು ಯೋಜನೆಯ ಮುಂದಾಳುಗಳು 2024ರಲ್ಲಿ ಹೇಳಿದ್ದರು. ಅಷ್ಟು ಹೊತ್ತಿಗೆ ಕೈಸೇರಿದ್ದು ಕಾಲುಭಾಗದಷ್ಟು. ಕಾಯಂ ಜನವಸತಿಯೇ ಇಲ್ಲದ, ಪ್ರವಾಸಿಗರು ಕಾಲಿಡಲು ಅನುಮತಿಯೂ ಇಲ್ಲದ ಒಂದು ದ್ವೀಪಕ್ಕಾಗಿ ಇಷ್ಟು ಹಣ ಏಕೆ? ಯಾರು ಕೊಡುತ್ತಾರೆ? ಕೊಟ್ಟ ಹಣ ಏನಾಗುತ್ತದೆ? ಕಡಲಹಕ್ಕಿಗಳನ್ನೂ ಅವುಗಳ ಗೂಡುನೆಲೆಗಳನ್ನೂ ಉಳಿಸಲು ನಡೆದಿರುವ ನಿಧಿಸಂಗ್ರಹಗಳ ಅನುಭವದಿಂದ ಈ ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ. ಕೆಲವು ಕಡೆ ಗೆಲುವು ಸಿಕ್ಕಿದೆ, ಕೆಲವು ಕಡೆ ಸೋಲು. ಎರಡೂ ಕಡೆಯ ಪಾಠ ಒಂದೇ: ಇಲ್ಲಿ ಅರ್ಧ ಹಣಕ್ಕೆ ಅರ್ಧ ದ್ವೀಪ ಸಿಗುವುದಿಲ್ಲ.

ಬದುಕು ಕಡಲಲ್ಲಿ, ಬಾಣಂತನ ನೆಲದಲ್ಲಿ

ಜಗತ್ತಿನಲ್ಲಿ ಸುಮಾರು 360 ಜಾತಿಯ ಕಡಲಹಕ್ಕಿಗಳಿವೆ. ಅವುಗಳಲ್ಲಿ ಹೆಚ್ಚುಕಮ್ಮಿ ಮೂರನೇ ಒಂದು ಭಾಗ ಅಪಾಯದ ಪಟ್ಟಿಯಲ್ಲಿವೆ. ವಿಜ್ಞಾನಿಗಳು ಲೆಕ್ಕ ಇಡುತ್ತಾ ಬಂದ ಕಡಲಹಕ್ಕಿಗಳ ಸಂಖ್ಯೆ 1950ರಿಂದ 2010ರವರೆಗಿನ ಅರವತ್ತು ವರ್ಷಗಳಲ್ಲಿ ಶೇ. 70ರಷ್ಟು ಕುಸಿದಿದೆ. ಈ ಹಕ್ಕಿಗಳಿಗೆ ಒದಗಿದ ಅಪಾಯಗಳನ್ನೆಲ್ಲ ತೂಗಿನೋಡಿದ 2019ರ ಅಧ್ಯಯನವೊಂದು ಮೂರನ್ನು ಮುಖ್ಯವೆಂದು ಗುರುತಿಸಿತು: ದ್ವೀಪಗಳಿಗೆ ಮನುಷ್ಯ ತಂದುಬಿಟ್ಟ ಪರಕೀಯ ಪ್ರಾಣಿಗಳು, ಮೀನುಗಾರಿಕೆಯ ಬಲೆ ಮತ್ತು ಗಾಳಗಳು, ಹವಾಮಾನ ಬದಲಾವಣೆ.

ಆಲ್ಬಟ್ರಾಸ್, ಪೆಟ್ರೆಲ್, ಪ್ರಿಯಾನ್‌ನಂಥ ಹಕ್ಕಿಗಳು ಬದುಕಿನ ಬಹುಪಾಲನ್ನು ನಡುಗಡಲಿನಲ್ಲೇ ಕಳೆಯುತ್ತವೆ. ಮೊಟ್ಟೆ ಇಡಲು ಮಾತ್ರ ನೆಲ ಬೇಕೇ ಬೇಕು. ಅದಕ್ಕಾಗಿ ಅವು ಆರಿಸಿಕೊಂಡದ್ದು ಬೆಕ್ಕು, ನರಿ, ಹೆಗ್ಗಣ ಯಾವುದೂ ಇಲ್ಲದ ದೂರದ ದ್ವೀಪಗಳನ್ನು. ಲಕ್ಷಾಂತರ ವರ್ಷ ನೆಲದ ಶತ್ರುವನ್ನೇ ಕಾಣದೆ ಬೆಳೆದ ಈ ಹಕ್ಕಿಗಳಿಗೆ ನೆಲದ ಮೇಲೆ ತಮ್ಮನ್ನು ಕಾಪಾಡಿಕೊಳ್ಳುವ ಬಗೆ ತಿಳಿಯದು. ಕೆಲವು ಬರಿಯ ನೆಲದ ಮೇಲೆಯೇ ಗೂಡು ಮಾಡುತ್ತವೆ, ಕೆಲವು ಮಣ್ಣಿನಲ್ಲಿ ಬಿಲ ತೋಡಿ ಅದರೊಳಗೆ ಒಂದು ಮೊಟ್ಟೆ ಇಡುತ್ತವೆ.

ಅಲೆಮಾರಿ ಆಲ್ಬಟ್ರಾಸ್ ಈ ಬದುಕಿಗೆ ಒಳ್ಳೆಯ ಉದಾಹರಣೆ. ರೆಕ್ಕೆ ಬಿಚ್ಚಿದರೆ ತುದಿಯಿಂದ ತುದಿಗೆ ಮೂರು ಮೀಟರ್ ದಾಟುತ್ತದೆ, ಕೆಲವು ಹಕ್ಕಿಗಳಲ್ಲಿ ಮೂರೂವರೆ ಮೀಟರ್ ಮುಟ್ಟುತ್ತದೆ. ಜೋಡಿಯೊಂದು ಎರಡು ವರ್ಷಕ್ಕೊಮ್ಮೆ ಒಂದೇ ಒಂದು ಮೊಟ್ಟೆ ಇಡುತ್ತದೆ. ಎರಡೂವರೆ ತಿಂಗಳು ಕಾವು ಕೊಟ್ಟ ಮೇಲೆ ಮರಿ ಹೊರಬರುತ್ತದೆ, ಅದು ಹಾರಲು ಮತ್ತೆ ಒಂಬತ್ತು ತಿಂಗಳು ಬೇಕು. ಆ ಅವಧಿಯಲ್ಲಿ ಅಂಟಾರ್ಕ್ಟಿಕದ ಅಂಚಿನ ಇಡೀ ಚಳಿಗಾಲವನ್ನು ಮರಿ ಗೂಡಿನ ಮೇಲೆ ಒಂಟಿಯಾಗಿ ಕುಳಿತು ಕಳೆಯುತ್ತದೆ. ತಂದೆತಾಯಿ ಸಾವಿರಾರು ಕಿಲೋಮೀಟರ್ ಹಾರಿ ಆಹಾರ ತಂದು ಉಣಿಸಿ ಮತ್ತೆ ಕಡಲಿಗೆ ಹೋಗುತ್ತವೆ. ಹೀಗೆ ಬೆಳೆದ ಮರಿ ತಾನೂ ಮೊಟ್ಟೆ ಇಡಲು ಸುಮಾರು ಹತ್ತು ವರ್ಷ ಕಾಯಬೇಕು. ಆದ್ದರಿಂದ ಸತ್ತ ಒಂದು ಹಕ್ಕಿಯ ಜಾಗ ತುಂಬಲು ದಶಕಗಳೇ ಹಿಡಿಯುತ್ತವೆ.

ಮರಿಯನ್‌ಗೆ ಇಲಿ ಬಂದ ದಾರಿ

ಮರಿಯನ್ ದ್ವೀಪ ಕೇಪ್‌ಟೌನ್‌ನಿಂದ ಆಗ್ನೇಯಕ್ಕೆ ಸುಮಾರು 2,000 ಕಿ.ಮೀ. ದೂರದಲ್ಲಿ, ಹಿಂದೂ ಮಹಾಸಾಗರದ ದಕ್ಷಿಣ ತುದಿಯಲ್ಲಿದೆ. ಜ್ವಾಲಾಮುಖಿಯಿಂದ ಎದ್ದ ಈ ದ್ವೀಪದ ವಿಸ್ತೀರ್ಣ ಸುಮಾರು 30,000 ಹೆಕ್ಟೇರ್, ಅಂದರೆ 75,000 ಎಕರೆಯಷ್ಟು. ನಡುವಿನ ಶಿಖರ 1,200 ಮೀಟರ್‌ಗೂ ಎತ್ತರ. ವಿಮಾನ ಇಳಿಯುವ ಜಾಗವಿಲ್ಲ, ಹಡಗು ನಿಲ್ಲಲು ಬಂದರೂ ಇಲ್ಲ. ಅಲ್ಲಿನ ಸಂಶೋಧನಾ ನೆಲೆಗೆ ಜನ, ಸಾಮಾನು ಸಾಗಿಸುವ ಹಡಗು ವರ್ಷಕ್ಕೊಮ್ಮೆ ಹೋಗಿಬರುತ್ತದೆ. ಜಗತ್ತಿನ ಅಲೆಮಾರಿ ಆಲ್ಬಟ್ರಾಸ್‌ಗಳಲ್ಲಿ ಸುಮಾರು ಕಾಲುಭಾಗ ಮರಿ ಮಾಡುವುದು ಇಲ್ಲಿಯೇ.

ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಸೀಲ್ ಬೇಟೆಗೆಂದು ಬಂದವರ ಹಡಗುಗಳಿಂದ ಇಲಿಗಳು ಇಲ್ಲಿ ಇಳಿದವು. ಎರಡನೇ ಮಹಾಯುದ್ಧ ಮುಗಿದ ಮೇಲೆ ದಕ್ಷಿಣ ಆಫ್ರಿಕಾ ಈ ದ್ವೀಪವನ್ನು ತನ್ನದಾಗಿಸಿಕೊಂಡು ಹವಾಮಾನ ಕೇಂದ್ರ ಕಟ್ಟಿತು. ಕೇಂದ್ರದೊಳಗೆ ಇಲಿಕಾಟ ತಡೆಯಲಾಗದೆ 1940ರ ದಶಕದ ಕೊನೆಯಲ್ಲಿ ಐದು ಬೆಕ್ಕುಗಳನ್ನು ತರಲಾಯಿತು. ಬೆಕ್ಕುಗಳಿಗೆ ಇಲಿಗಿಂತ ಸುಲಭದ ತುತ್ತಾಗಿ ಸಿಕ್ಕಿದ್ದು ಬಿಲದ ಪೆಟ್ರೆಲ್‌ಗಳು. 1970ರ ದಶಕದ ಹೊತ್ತಿಗೆ ಬೆಕ್ಕುಗಳ ಸಂಖ್ಯೆ ಎರಡು ಸಾವಿರ ದಾಟಿತ್ತು. ಅವು ವರ್ಷಕ್ಕೆ ಸುಮಾರು ನಾಲ್ಕೂವರೆ ಲಕ್ಷ ಹಕ್ಕಿಗಳನ್ನು ಕೊಲ್ಲುತ್ತಿದ್ದವು ಎಂಬ ಅಂದಾಜಿದೆ. ಡೈವಿಂಗ್ ಪೆಟ್ರೆಲ್ ಎಂಬ ಪುಟ್ಟ ಹಕ್ಕಿ ದ್ವೀಪದಿಂದಲೇ ಅಳಿಸಿಹೋಯಿತು. 1977ರಲ್ಲಿ ಬೆಕ್ಕುಗಳಿಗೆ ರೋಗ ತರುವ ವೈರಾಣುವನ್ನು ಬಿಟ್ಟು, ಆಮೇಲೆ ಬಂದೂಕು, ಬೋನು, ವಿಷ ಎಲ್ಲ ಬಳಸಿ, 1991ರ ಹೊತ್ತಿಗೆ ಕೊನೆಯ ಬೆಕ್ಕನ್ನೂ ತೆಗೆಯಲಾಯಿತು.

ಇಲಿಗಳು ಮಾತ್ರ ಉಳಿದುಕೊಂಡವು. ಹವಾಮಾನ ಬೆಚ್ಚಗಾಗಿ, ಮಳೆ ಕಡಿಮೆಯಾಗುತ್ತಾ ಹೋದಂತೆ ಅವು ಮರಿ ಹಾಕುವ ಋತು ಉದ್ದವಾಯಿತು, ಸಂಖ್ಯೆ ಏರಿತು. ದ್ವೀಪದ ಹುಳುಹುಪ್ಪಟೆ, ಸಸ್ಯಬೀಜಗಳನ್ನು ತಿಂದು ಬರಿದು ಮಾಡಿದ ಇಲಿಗಳು ಕೊನೆಗೆ ಹಕ್ಕಿಗಳ ಕಡೆ ತಿರುಗಿದವು. ಮರಿಯನ್‌ನಿಂದ ಸುಮಾರು 20 ಕಿ.ಮೀ. ದೂರದ ಪ್ರಿನ್ಸ್ ಎಡ್ವರ್ಡ್ ದ್ವೀಪಕ್ಕೆ ಇಲಿ ಎಂದೂ ಹೋಗಿಲ್ಲ. ಇಲಿ ಇಲ್ಲದಿದ್ದರೆ ಮರಿಯನ್ ಹೇಗಿರುತ್ತಿತ್ತು ಎಂಬುದನ್ನು ವಿಜ್ಞಾನಿಗಳು ಅಲ್ಲಿ ಕಣ್ಣಾರೆ ಕಾಣುತ್ತಾರೆ.

ರಾತ್ರಿಯ ದಾಳಿ

ಆಲ್ಬಟ್ರಾಸ್ ಮರಿಯ ಮೇಲೆ ಇಲಿ ದಾಳಿ ಮಾಡಿದ್ದು ಮರಿಯನ್‌ನಲ್ಲಿ ಮೊದಲು ದಾಖಲಾದದ್ದು 2003ರಲ್ಲಿ. ಇಲಿಯ ತೂಕ ಇಪ್ಪತ್ತು-ಮೂವತ್ತು ಗ್ರಾಂ, ಬೆಳೆದ ಮರಿಯದು ಹತ್ತು ಕಿಲೋ ಮುಟ್ಟುತ್ತದೆ. ಅಷ್ಟು ದೊಡ್ಡ ಹಕ್ಕಿಯನ್ನು ಇಷ್ಟು ಸಣ್ಣ ಪ್ರಾಣಿ ಹೇಗೆ ಕೊಲ್ಲುತ್ತದೆ?

ಕತ್ತಲಾದ ಮೇಲೆ ಇಲಿಗಳು ಗೂಡಿನ ದಿಬ್ಬ ಹತ್ತಿ, ಮರಿಯ ಸೊಂಟದ ಮೇಲೋ ನೆತ್ತಿಯ ಮೇಲೋ ಏರಿ ಚರ್ಮ ಕಡಿಯಲು ಶುರುಮಾಡುತ್ತವೆ. ಮರಿ ತಲೆ ಕೊಡವುತ್ತದೆ, ಮಿಸುಕುತ್ತದೆ, ಅಷ್ಟೇ. ಗೂಡು ಬಿಟ್ಟು ಏಳುವುದಿಲ್ಲ, ಕೊಕ್ಕಿನಿಂದ ಹಿಡಿದು ಎಸೆಯುವುದೂ ಇಲ್ಲ. ಮರುರಾತ್ರಿ ಅದೇ ಗಾಯಕ್ಕೆ ಇನ್ನಷ್ಟು ಇಲಿಗಳು ಬರುತ್ತವೆ. 2009ರಿಂದ ಈಚೆಗೆ ನೆತ್ತಿಯ ಚರ್ಮವನ್ನೇ ತಿಂದುಹಾಕಿದ, ತಲೆ ರಕ್ತಮಯವಾದ ಮರಿಗಳ ಚಿತ್ರಗಳು ದಾಖಲಾಗಿವೆ. ಕೆಲವು ದಿನಗಳಲ್ಲಿ ಮರಿ ರಕ್ತ ಹೋಗಿಯೋ ಗಾಯಕ್ಕೆ ನಂಜೇರಿಯೋ ಸಾಯುತ್ತದೆ. 2023ರ ಏಪ್ರಿಲ್‌ನಲ್ಲಿ ಇನ್ನೂ ಕೆಟ್ಟ ಸುದ್ದಿ ಬಂತು. ಬೆಳೆದ ಅಲೆಮಾರಿ ಆಲ್ಬಟ್ರಾಸ್‌ಗಳೂ ಇಲಿ ಕಡಿದು ಸತ್ತದ್ದು ಮೊದಲ ಸಲ ಕಂಡಿತು. ಹಾಗೆ ಸತ್ತ ಎಂಟು ಹಕ್ಕಿಗಳು ಸಿಕ್ಕಿದವು. ಮರಿ ಸತ್ತರೆ ಎರಡು ವರ್ಷದ ಶ್ರಮ ಹೋಯಿತು. ಬೆಳೆದ ಹಕ್ಕಿ ಸತ್ತರೆ ಅದು ಮುಂದೆ ಹತ್ತಾರು ವರ್ಷ ಬೆಳೆಸಬಹುದಾಗಿದ್ದ ಮರಿಗಳೆಲ್ಲವೂ ಹೋದವು. ಮರಿಯನ್‌ನಲ್ಲಿ ಗೂಡುಕಟ್ಟುವ ಸುಮಾರು 29 ಜಾತಿಯ ಹಕ್ಕಿಗಳಲ್ಲಿ 19 ಜಾತಿಗಳು ಅಲ್ಲಿಂದ ಕಣ್ಮರೆಯಾಗಬಹುದು ಎಂದು ಯೋಜನೆ ಎಚ್ಚರಿಸುತ್ತದೆ.

ಹಣ ಯಾವುದಕ್ಕೆ ಬೇಕು

ಬರ್ಡ್‌ಲೈಫ್ ಸೌತ್ ಆಫ್ರಿಕಾ ಸಂಸ್ಥೆ ಮತ್ತು ದಕ್ಷಿಣ ಆಫ್ರಿಕಾದ ಅರಣ್ಯ, ಮೀನುಗಾರಿಕೆ ಹಾಗೂ ಪರಿಸರ ಇಲಾಖೆ ಒಟ್ಟಾಗಿ ‘ಮೌಸ್-ಫ್ರೀ ಮರಿಯನ್’ ಯೋಜನೆ ರೂಪಿಸಿವೆ. ಹೆಲಿಕಾಪ್ಟರ್‌ಗಳಿಗೆ ದೊಡ್ಡ ಬಕೆಟ್‌ಗಳನ್ನು ತೂಗುಹಾಕಿ, ಇಲಿಪಾಷಾಣ ಬೆರೆಸಿದ ಧಾನ್ಯದ ಗುಳಿಗೆಗಳನ್ನು ಇಡೀ ದ್ವೀಪದ ಮೇಲೆ ಚೆಲ್ಲುವುದು ಯೋಜನೆ. ಒಟ್ಟು ಬೇಕಾದದ್ದು ಸುಮಾರು 600 ಟನ್ ಗುಳಿಗೆ. ಇಲಿ ತನ್ನ ಬಿಲದಿಂದ ಹೆಚ್ಚು ದೂರ ಓಡಾಡುವುದಿಲ್ಲ. ಆದ್ದರಿಂದ ಪ್ರತಿ ಬಿಲದ ಆಸುಪಾಸಿನಲ್ಲೂ ಗುಳಿಗೆ ಬೀಳಲೇಬೇಕು. ಪೈಲಟ್‌ಗಳು ಉಪಗ್ರಹದ ಮಾರ್ಗಸೂಚಿ ನೋಡಿಕೊಂಡು ಸಮಾನಾಂತರ ಗೆರೆಗಳಲ್ಲಿ ಹಾರುತ್ತಾರೆ. ಒಂದು ಗೆರೆಯ ಅಂಚು ಮುಂದಿನ ಗೆರೆಯ ಮೇಲೆ ಬೀಳುವಂತೆ ಲೆಕ್ಕ ಹಾಕಿರುತ್ತಾರೆ. ಕಡಿದಾದ ಬಂಡೆಗಳಿಗೆ ಹೆಚ್ಚಿನ ಗುಳಿಗೆ ಹಾಕುತ್ತಾರೆ.

ಕೆಲಸ ಚಳಿಗಾಲದಲ್ಲೇ ಆಗಬೇಕು. ಆಗ ಇಲಿಗಳಿಗೆ ಬೇರೆ ಆಹಾರ ಸಿಗುವುದಿಲ್ಲ, ಅವು ಮರಿ ಹಾಕುವುದೂ ನಿಂತಿರುತ್ತದೆ. ದ್ವೀಪದಲ್ಲಿ ಹಕ್ಕಿಗಳೂ ಕಡಿಮೆ ಇರುತ್ತವೆ. ಆದರೆ ಅದೇ ಕಾಲದಲ್ಲಿ ಗಾಳಿ, ಹಿಮ, ಮೋಡ ಹೆಚ್ಚು. ಹೆಲಿಕಾಪ್ಟರ್ ಹಾರಬಹುದಾದ ದಿನಗಳು ಬೆರಳೆಣಿಕೆಯಷ್ಟು. ಉಳಿದ ದಿನಗಳಲ್ಲೂ ಪೈಲಟ್, ಮೆಕ್ಯಾನಿಕ್, ಇಂಧನ, ಹಡಗು ಎಲ್ಲವನ್ನೂ ಸಜ್ಜಾಗಿ ನಿಲ್ಲಿಸಿರಬೇಕು. ಹೀಗೆ ಕಾಯುವುದಕ್ಕೂ ಹಣ ಬೇಕು. ಇದರ ಮೇಲೆ ಪರಿಸರ ಪರಿಣಾಮದ ಅಧ್ಯಯನ, ಹಡಗಿನ ಮೂಲಕ ಹೊಸ ಇಲಿ ನುಸುಳದಂತೆ ತಪಾಸಣೆ, ಕೆಲಸ ಮುಗಿದ ಎರಡು ವರ್ಷಗಳ ನಂತರ ಮತ್ತೆ ಹೋಗಿ ಒಂದಾದರೂ ಇಲಿ ಉಳಿದಿದೆಯೇ ಎಂದು ಹುಡುಕುವ ಖರ್ಚು.

ಇದನ್ನು ತುಸುತುಸುವಾಗಿ, ಕೈಗೆ ಹಣ ಬಂದಂತೆಲ್ಲ ಮಾಡಲು ಏಕೆ ಆಗುವುದಿಲ್ಲ? ಇಲಿಗೆ ಎರಡು ತಿಂಗಳಾದರೆ ಮರಿ ಹಾಕುವ ವಯಸ್ಸು. ಒಂದು ಗರ್ಭಿಣಿ ಇಲಿ ಉಳಿದರೂ ಕೆಲವೇ ವರ್ಷಗಳಲ್ಲಿ ದ್ವೀಪ ಮತ್ತೆ ತುಂಬುತ್ತದೆ. ಶೇ. 99ರಷ್ಟು ಇಲಿ ಸತ್ತರೆ ಅದು ಶೇ. 99ರಷ್ಟು ಗೆಲುವಲ್ಲ, ಪೂರ್ಣ ಸೋಲು. ಹೀಗಾಗಿ ಹಣವೆಲ್ಲ ಕೈಸೇರಿದ್ದು ಖಾತ್ರಿಯಾಗುವ ತನಕ ಹೆಲಿಕಾಪ್ಟರ್ ಹಾರಿಸುವಂತಿಲ್ಲ. ಕೆಲಸದ ವರ್ಷ ಈಗಾಗಲೇ ಒಂದಕ್ಕಿಂತ ಹೆಚ್ಚು ಸಲ ಮುಂದೆ ಹೋಗಿದೆ. 2024ರಲ್ಲಿ ಹೇಳಿದ್ದ ಗುರಿ 2027ರ ಚಳಿಗಾಲ. ತಡವಾದ ಪ್ರತಿ ವರ್ಷವೂ ಹಕ್ಕಿಗಳ ಲೆಕ್ಕದಿಂದ ಕಳೆದುಹೋಗುತ್ತದೆ.

ಹೆಕ್ಟೇರ್ ಪ್ರಾಯೋಜನೆ ಎಂಬ ಉಪಾಯ

ಕೋಟಿಗಳ ಮೊತ್ತ ಕೇಳಿದರೆ ಸಾಮಾನ್ಯ ಜನ ‘ಇದು ನಮ್ಮ ಕೈಯಲ್ಲಾಗುವ ಮಾತಲ್ಲ’ ಎಂದು ಹಿಂದೆ ಸರಿಯುತ್ತಾರೆ. ಅದಕ್ಕೆ ಕಂಡುಕೊಂಡ ಉಪಾಯ, ದ್ವೀಪವನ್ನು ಹೆಕ್ಟೇರುಗಳಾಗಿ ವಿಂಗಡಿಸಿ ಒಂದೊಂದಕ್ಕೂ ದಾನಿಯನ್ನು ಹುಡುಕುವುದು. ಒಂದು ಹೆಕ್ಟೇರ್ ಎಂದರೆ ಎರಡೂವರೆ ಎಕರೆ. ಕೊಡುವವನ ಕಣ್ಣಿಗೆ ಕಟ್ಟುವ ಅಳತೆ ಅದು.

ದಕ್ಷಿಣ ಅಟ್ಲಾಂಟಿಕ್‌ನ ಬ್ರಿಟಿಷ್ ಪ್ರದೇಶವಾದ ದಕ್ಷಿಣ ಜಾರ್ಜಿಯಾ ದ್ವೀಪವನ್ನು ಹೆಗ್ಗಣಗಳಿಂದ ಬಿಡಿಸಲು ಹೊರಟ ‘ಸೌತ್ ಜಾರ್ಜಿಯಾ ಹೆರಿಟೇಜ್ ಟ್ರಸ್ಟ್’ ಹೆಕ್ಟೇರಿಗೆ 90 ಪೌಂಡ್ ಕೇಳಿತು. ಗುಳಿಗೆ ಹಾಕಬೇಕಾಗಿದ್ದ ನೆಲ 1,08,000 ಹೆಕ್ಟೇರ್‌ಗೂ ಹೆಚ್ಚು. ಗುಣಿಸಿದರೆ ಒಂದು ಕೋಟಿ ಪೌಂಡ್‌ಗೆ ಹತ್ತಿರ ಬರುತ್ತದೆ. ಯೋಜನೆಗೆ ನಿಜವಾಗಿ ತಗುಲಿದ ವೆಚ್ಚವೂ ಸುಮಾರು ಅಷ್ಟೇ. ಅಂದರೆ 90 ಪೌಂಡ್ ಕೊಟ್ಟ ದಾನಿ ಹೊತ್ತದ್ದು ಲೆಕ್ಕಕ್ಕೆ ಸರಿಯಾಗಿ ಒಂದು ಹೆಕ್ಟೇರಿನ ಖರ್ಚನ್ನೇ.

ಮರಿಯನ್‌ನಲ್ಲಿ ಹೆಕ್ಟೇರಿಗೆ 1,000 ರಾಂಡ್, ನಮ್ಮ ಹಣದಲ್ಲಿ ಸುಮಾರು ಐದು ಸಾವಿರ ರೂಪಾಯಿ. ದಾನಿಯ ಹೆಸರಿನ ಪ್ರಮಾಣಪತ್ರವೂ ಸಿಗುತ್ತದೆ. ಮಕ್ಕಳ ಹುಟ್ಟುಹಬ್ಬಕ್ಕೆ, ಅಗಲಿದವರ ನೆನಪಿಗೆ ಹೆಕ್ಟೇರ್ ಕೊಡಿಸುವವರಿಗೂ ಇದು ಅನುಕೂಲ. ಆದರೆ ಇಲ್ಲಿ ಒಂದು ಮಾತು ತಿಳಿದಿರಬೇಕು. ಮೂವತ್ತು ಸಾವಿರ ಹೆಕ್ಟೇರಿಗೂ ದಾನಿಗಳು ಸಿಕ್ಕರೆ ಕೂಡುವುದು ಮೂರು ಕೋಟಿ ರಾಂಡ್. ಅದು 2.9 ಕೋಟಿ ಡಾಲರ್‌ನ ಹತ್ತರಲ್ಲೊಂದು ಪಾಲೂ ಆಗುವುದಿಲ್ಲ. ಉಳಿದದ್ದು ಪ್ರತಿಷ್ಠಾನಗಳಿಂದ, ಸರ್ಕಾರದಿಂದ, ದೊಡ್ಡ ದಾನಿಗಳಿಂದ ಬರಬೇಕು. ಹಾಗಾದರೆ ಸಣ್ಣ ದೇಣಿಗೆಗೆ ಬೆಲೆ ಇಲ್ಲವೇ? ಖಂಡಿತ ಇದೆ. ಸಾವಿರಾರು ಜನ ತಮ್ಮ ಜೇಬಿನಿಂದ ಕೊಟ್ಟಿದ್ದಾರೆ ಎಂಬುದೇ ದೊಡ್ಡ ದಾನಿಯ ಮುಂದೆ ಇಡಬಹುದಾದ ಗಟ್ಟಿ ಸಾಕ್ಷಿ. ಕೊಟ್ಟವರು ಸುದ್ದಿ ಕೇಳುತ್ತಾರೆ, ತಡವಾದರೆ ಪ್ರಶ್ನಿಸುತ್ತಾರೆ. ಯೋಜನೆ ಕೈಬಿಡದಂತೆ ಹಿಡಿದಿಡುವ ಬಲ ಅದು.

ಹಣದ ಇತರ ಮೂಲಗಳು

ಹಡಗುಯಾನ: 2022ರ ಜನವರಿಯಲ್ಲಿ ಬರ್ಡ್‌ಲೈಫ್ ಸೌತ್ ಆಫ್ರಿಕಾ ‘ಫ್ಲಾಕ್ ಟು ಮರಿಯನ್’ ಹೆಸರಿನಲ್ಲಿ ದೊಡ್ಡ ಪ್ರವಾಸಿ ಹಡಗೊಂದನ್ನು ಕೇಪ್‌ಟೌನ್ ಪ್ರದೇಶದಿಂದ ಮರಿಯನ್ ಕಡೆಗೆ ಒಯ್ಯಿತು. ಸಾವಿರಕ್ಕೂ ಹೆಚ್ಚು ಹಕ್ಕಿವೀಕ್ಷಕರು ಅದರಲ್ಲಿದ್ದರು. ಹಡಗು ದ್ವೀಪದ ಕಾಯ್ದ ಕಡಲಿನಿಂದ ಹೊರಗೇ ಉಳಿಯಿತು, ಆಲ್ಬಟ್ರಾಸ್‌ಗಳೇ ಹಡಗಿನ ಬಳಿಗೆ ಬಂದವು. 2025ರ ಜನವರಿಯಲ್ಲಿ ಇನ್ನೊಂದು ಯಾನ ನಡೆಯಿತು. ಟಿಕೆಟ್, ಹರಾಜು, ಸ್ಥಳದಲ್ಲೇ ಕೊಟ್ಟ ದೇಣಿಗೆಗಳಿಂದ ಯೋಜನೆಗೆ ಹಣ ಬಂತು. ಹಕ್ಕಿಯನ್ನು ಕಣ್ಣಾರೆ ಕಂಡ ಮೇಲೆ ಜನ ಕೈ ಬಿಚ್ಚಿ ಕೊಡುತ್ತಾರೆ ಎಂಬುದನ್ನು ಅಂಟಾರ್ಕ್ಟಿಕ ಕಡೆಯ ಪ್ರವಾಸಿ ಹಡಗುಗಳಲ್ಲಿ ದಕ್ಷಿಣ ಜಾರ್ಜಿಯಾಕ್ಕಾಗಿ ನಡೆದ ಹರಾಜುಗಳೂ ತೋರಿಸಿವೆ.

ಬಳಸಿದ ಅಂಚೆಚೀಟಿ: ಬ್ರಿಟನ್ನಿನ ಪಕ್ಷಿರಕ್ಷಣಾ ಸಂಸ್ಥೆ ಆರ್‌ಎಸ್‌ಪಿಬಿಯ ಆಲ್ಬಟ್ರಾಸ್ ಅಭಿಯಾನಕ್ಕೆ ಜನ ಹಳೆಯ ಅಂಚೆಚೀಟಿಗಳನ್ನು ಕಳಿಸಿದರು. ಸ್ವಯಂಸೇವಕರು ಅವನ್ನು ವಿಂಗಡಿಸಿ ಸಂಗ್ರಹಕಾರರಿಗೆ ಮಾರಿ, ಬಂದ ಹಣವನ್ನು ‘ಆಲ್ಬಟ್ರಾಸ್ ಟಾಸ್ಕ್ ಫೋರ್ಸ್’ಗೆ ಕೊಟ್ಟರು. ಮೀನುಗಾರಿಕೆ ದೋಣಿಗಳ ಮೇಲೆಯೇ ಹೋಗಿ ಮೀನುಗಾರರ ಜೊತೆ ಕೆಲಸ ಮಾಡುವ ತಂಡ ಅದು. ಸಾವಿರಾರು ಗಾಳಗಳಿರುವ ಉದ್ದ ಹಗ್ಗವನ್ನು ಕಡಲಿಗೆ ಬಿಡುವಾಗ, ಗಾಳದ ಆಹಾರಕ್ಕೆ ಎರಗಿದ ಹಕ್ಕಿಗಳು ಸಿಕ್ಕಿಬಿದ್ದು ಮುಳುಗಿ ಸಾಯುತ್ತವೆ. ಇಂಥ ಮೀನುಗಾರಿಕೆಯಲ್ಲಿ ವರ್ಷಕ್ಕೆ ಕನಿಷ್ಠ 1.6 ಲಕ್ಷ ಕಡಲಹಕ್ಕಿಗಳು ಸಾಯುತ್ತವೆ ಎಂದು 2011ರ ಅಧ್ಯಯನವೊಂದು ಅಂದಾಜಿಸಿತ್ತು. ದೋಣಿಯ ಹಿಂಬದಿಯಲ್ಲಿ ಬಣ್ಣದ ಪಟ್ಟಿಗಳಿರುವ ಹಗ್ಗ ಕಟ್ಟಿದರೆ ಹಕ್ಕಿಗಳು ಬೆದರಿ ದೂರ ಉಳಿಯುತ್ತವೆ. ನಮೀಬಿಯಾದ ವಾಲ್ವಿಸ್ ಬೇ ಪಟ್ಟಣದಲ್ಲಿ ಮಹಿಳೆಯರ ಗುಂಪೊಂದು ಈ ಹಗ್ಗಗಳನ್ನು ಹೆಣೆದು ಮಾರುತ್ತದೆ. 2015ರಲ್ಲಿ ಅಲ್ಲಿನ ಸರ್ಕಾರ ಇದನ್ನು ಕಡ್ಡಾಯ ಮಾಡಿದ ಮೇಲೆ, ತಳದ ಮೀನು ಹಿಡಿಯುವ ಗಾಳಹಗ್ಗದ ದೋಣಿಗಳಿಂದ ಸಾಯುವ ಹಕ್ಕಿಗಳ ಸಂಖ್ಯೆ ಶೇ. 98ರಷ್ಟು ಇಳಿಯಿತು.

ದತ್ತು: ಅಮೆರಿಕದ ಮೇನ್ ರಾಜ್ಯದ ಈಸ್ಟರ್ನ್ ಎಗ್ ರಾಕ್ ದ್ವೀಪದಲ್ಲಿ ಬೇಟೆಯಿಂದ ಅಳಿದುಹೋಗಿದ್ದ ಪಫಿನ್ ಹಕ್ಕಿಯನ್ನು ಮರಳಿ ನೆಲೆಗೊಳಿಸಲು ಸ್ಟೀಫನ್ ಕ್ರೆಸ್ 1973ರಲ್ಲಿ ಕೆಲಸ ಆರಂಭಿಸಿದರು. ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಿಂದ ಮರಿಗಳನ್ನು ತಂದು ಕೃತಕ ಬಿಲಗಳಲ್ಲಿ ಸಾಕಿದರು, ಮರದ ಬೊಂಬೆಗಳನ್ನಿಟ್ಟು ಹಾರಿಹೋದವನ್ನು ಮತ್ತೆ ಸೆಳೆದರು. ಮೊದಲ ಜೋಡಿ ಗೂಡು ಮಾಡಿದ್ದು 1981ರಲ್ಲಿ. ಇಂಥ ದೀರ್ಘ ಕೆಲಸಕ್ಕೆ ಒಮ್ಮೆಗೇ ಬರುವ ದೊಡ್ಡ ಮೊತ್ತಕ್ಕಿಂತ ವರ್ಷವರ್ಷ ಬರುವ ಸಣ್ಣ ಹಣ ಮುಖ್ಯ. ‘ಪಫಿನ್ ದತ್ತು’ ಯೋಜನೆ ಅದನ್ನು ಒದಗಿಸಿತು.

ದಂಡದ ಹಣ: 1990ರಲ್ಲಿ ‘ಅಮೆರಿಕನ್ ಟ್ರೇಡರ್’ ಎಂಬ ತೈಲಹಡಗು ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ ಎಣ್ಣೆ ಚೆಲ್ಲಿ ಸಾವಿರಾರು ಹಕ್ಕಿಗಳು ಸತ್ತವು. ಆ ಪ್ರಕರಣದಲ್ಲಿ ಬಂದ ಪರಿಹಾರದ ಹಣದಿಂದಲೇ ಅಲ್ಲಿನ ಅನಾಕಾಪಾ ದ್ವೀಪದ ಹೆಗ್ಗಣಗಳನ್ನು 2001–02ರಲ್ಲಿ ತೆಗೆಯಲಾಯಿತು. ಕೆಡಿಸಿದವರಿಂದಲೇ ವಸೂಲಿ ಮಾಡಿ ಹಕ್ಕಿಗೆ ಕೊಡುವ ಈ ದಾರಿ ಕರಾವಳಿ ಇರುವ ಎಲ್ಲ ದೇಶಗಳಿಗೂ ಮಾದರಿ.

ದಕ್ಷಿಣ ಜಾರ್ಜಿಯಾ: ಲೆಕ್ಕ ಒಪ್ಪಿಸಿದ ಬಗೆ

ದಕ್ಷಿಣ ಜಾರ್ಜಿಯಾದಲ್ಲಿ ಸೀಲ್ ಮತ್ತು ತಿಮಿಂಗಿಲ ಬೇಟೆಗಾರರ ಹಡಗುಗಳಿಂದ ಬಂದ ಹೆಗ್ಗಣಗಳು ಬಿಲದ ಹಕ್ಕಿಗಳನ್ನು ಕರಾವಳಿಯುದ್ದಕ್ಕೂ ಅಳಿಸಿದ್ದವು. ಅಂಟಾರ್ಕ್ಟಿಕ ವಲಯದ ಒಂದೇ ಒಂದು ಹಾಡುಹಕ್ಕಿಯಾದ ಸೌತ್ ಜಾರ್ಜಿಯಾ ಪಿಪಿಟ್ ಹೆಗ್ಗಣವಿಲ್ಲದ ಸಣ್ಣಪುಟ್ಟ ದ್ವೀಪಗಳಿಗೆ ಸೀಮಿತವಾಗಿತ್ತು. ದ್ವೀಪವನ್ನು ಹಿಮನದಿಗಳು ತುಂಡುತುಂಡಾಗಿ ಬೇರ್ಪಡಿಸಿದ್ದರಿಂದ ಹೆಗ್ಗಣಗಳಿಗೆ ಒಂದು ತುಂಡಿನಿಂದ ಇನ್ನೊಂದಕ್ಕೆ ದಾಟಲಾಗುತ್ತಿರಲಿಲ್ಲ. ಆದ್ದರಿಂದ ಕೆಲಸವನ್ನು 2011, 2013, 2015ರಲ್ಲಿ ಮೂರು ಹಂತವಾಗಿ ಮಾಡಲು ಸಾಧ್ಯವಾಯಿತು. ಆದರೆ ಹಿಮನದಿಗಳು ಕರಗುತ್ತಾ ಹಿಂದೆ ಸರಿಯುತ್ತಿದ್ದವು. ತಡಮಾಡಿದರೆ ತುಂಡುಗಳೆಲ್ಲ ಒಂದಾಗಿ ಕೆಲಸ ಕೈಮೀರುವ ಭಯವಿತ್ತು. ದೇಣಿಗೆ ಕೇಳುವಾಗ ಟ್ರಸ್ಟ್ ಈ ತುರ್ತನ್ನು ಮರೆಮಾಚದೆ ಜನರ ಮುಂದಿಟ್ಟಿತು.

ಡಂಡೀ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಟೋನಿ ಮಾರ್ಟಿನ್ ಮುಂದಾಳತ್ವದಲ್ಲಿ, ‘ಟೀಮ್ ರ‍್ಯಾಟ್’ ಎಂದು ಹೆಸರಾದ ತಂಡ 300 ಟನ್‌ಗೂ ಹೆಚ್ಚು ಗುಳಿಗೆ ಚೆಲ್ಲಿತು. ಹೆಲಿಕಾಪ್ಟರ್‌ಗಳು ಹೊಸವಲ್ಲ, ಕೊಂಡ ಹಳೆಯವು. ಗುಳಿಗೆ ಚೆಲ್ಲಿದ ಮೇಲೆ ಕೆಲಸ ಮುಗಿಯಿತೆಂದು ಯಾರೂ ಘೋಷಿಸಲಿಲ್ಲ. ಎರಡು ವರ್ಷ ಕಾದು, ಕಡಿದ ಗುರುತು ಸಿಗುವ ಮೇಣದ ಪಟ್ಟಿ, ಹೆಜ್ಜೆಗುರುತಿನ ಸುರಂಗ, ಕ್ಯಾಮೆರಾ ಸೇರಿ 4,600ಕ್ಕೂ ಹೆಚ್ಚು ತಪಾಸಣಾ ಸಾಧನಗಳನ್ನು ದ್ವೀಪದಲ್ಲಿ ಇಟ್ಟರು. ಹೆಗ್ಗಣದ ವಾಸನೆ ಹಿಡಿಯಲು ತರಬೇತಾದ ಮೂರು ನಾಯಿಗಳೊಂದಿಗೆ ಅವುಗಳ ನಿರ್ವಾಹಕರು 1,600 ಕಿ.ಮೀ.ಗೂ ಹೆಚ್ಚು ನಡೆದು ಹುಡುಕಿದರು. ಒಂದೂ ಹೆಗ್ಗಣ ಸಿಗಲಿಲ್ಲ. 2018ರ ಮೇ ತಿಂಗಳಲ್ಲಿ ದ್ವೀಪ ಹೆಗ್ಗಣಮುಕ್ತವೆಂದು ಘೋಷಣೆಯಾಯಿತು. ಅಷ್ಟರಲ್ಲೇ ಪಿಪಿಟ್‌ಗಳು ಹಳೆಯ ನೆಲೆಗಳಿಗೆ ಮರಳಿ ಗೂಡು ಮಾಡತೊಡಗಿದ್ದವು. 90 ಪೌಂಡ್ ಕೊಟ್ಟಿದ್ದ ದಾನಿಗೆ ಸಿಕ್ಕ ಲೆಕ್ಕಪತ್ರ ಅದು.

ಗಾಫ್: ಸೋಲಿನ ಪಾಠ

ದಕ್ಷಿಣ ಅಟ್ಲಾಂಟಿಕ್‌ನ ಗಾಫ್ ದ್ವೀಪದಲ್ಲಿ ಇಲಿಗಳು ವರ್ಷಕ್ಕೆ ಸುಮಾರು 20 ಲಕ್ಷ ಮೊಟ್ಟೆ-ಮರಿಗಳನ್ನು ತಿನ್ನುತ್ತಿದ್ದವೆಂಬ ಅಂದಾಜಿದೆ. ತೀವ್ರ ಅಳಿವಿನಂಚಿನಲ್ಲಿರುವ ಟ್ರಿಸ್ಟಾನ್ ಆಲ್ಬಟ್ರಾಸ್‌ಗೆ ಈ ದ್ವೀಪ ಬಿಟ್ಟರೆ ಬೇರೆ ನೆಲೆ ಇಲ್ಲವೆಂದೇ ಹೇಳಬೇಕು. ಆರ್‌ಎಸ್‌ಪಿಬಿ ಅಲ್ಲಿ 2020ರಲ್ಲಿ ಕೆಲಸಕ್ಕೆ ಇಳಿಯಬೇಕಿತ್ತು. ಕೋವಿಡ್ ಬಂದು ಒಂದು ವರ್ಷ ಮುಂದೂಡಬೇಕಾಯಿತು. 2021ರಲ್ಲಿ ಗುಳಿಗೆ ಚೆಲ್ಲಿದರು. ಅದೇ ಡಿಸೆಂಬರ್‌ನಲ್ಲಿ ಕ್ಯಾಮೆರಾವೊಂದರಲ್ಲಿ ಜೀವಂತ ಇಲಿ ಕಂಡಿತು. ಸಂಸ್ಥೆ ಅದನ್ನು ಮುಚ್ಚಿಡದೆ ದಾನಿಗಳಿಗೂ ಜಗತ್ತಿಗೂ ತಿಳಿಸಿತು.

ಇಲಿಗಳು ವಿರಳವಾಗಿದ್ದ ಆ ಋತುವಿನಲ್ಲಿ ಹಕ್ಕಿಗಳು ಹಿಂದಿನ ವರ್ಷಗಳಿಗಿಂತ ಹೆಚ್ಚು ಮರಿಗಳನ್ನು ಬೆಳೆಸಿದವು. ಇಲಿ ಹೋದರೆ ಹಕ್ಕಿ ಉಳಿಯುತ್ತದೆ ಎಂಬುದಕ್ಕೆ ಅದೇ ಪುರಾವೆ. ಏಕೆ ಸೋತೆವು ಎಂದು ನಡೆದ ವಿಶ್ಲೇಷಣೆ ಮರಿಯನ್ ತಂಡದ ಕೈಯಲ್ಲಿದೆ. ಆಸ್ಟ್ರೇಲಿಯಾದ ಮಕ್ವಾರಿ ದ್ವೀಪದಲ್ಲಿ ಮೊಲ, ಹೆಗ್ಗಣ, ಇಲಿ ಮೂರನ್ನೂ ತೆಗೆದು ಗೆದ್ದ ಯೋಜನೆಯ ಹೊಣೆ ಹೊತ್ತಿದ್ದ ಕೀತ್ ಸ್ಪ್ರಿಂಗರ್ ಮರಿಯನ್‌ನ ಕಾರ್ಯಾಚರಣೆಯ ಹೊಣೆಯನ್ನೂ ವಹಿಸಿಕೊಂಡವರು.

ಆಕ್ಷೇಪಗಳು

ಪ್ರಾಣಿಗಳಿಗೆ ವಿಷ ಹಾಕಲು ದಾನ ಕೇಳುವುದು ಸರಿಯೇ ಎಂಬ ಪ್ರಶ್ನೆ ಸಹಜ. ಬಳಸುವ ಬ್ರೋಡಿಫ್ಯಾಕಮ್ ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷ. ಅದು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಆದರೆ ಸತ್ತ ಇಲಿಯನ್ನು ತಿಂದ ಸ್ಕೂವಾ, ಕಡಲಕಾಗೆಗಳಂಥ ಹಕ್ಕಿಗಳೂ ಸಾಯಬಹುದು. ಮಕ್ವಾರಿಯಲ್ಲಿ 2010ರಲ್ಲಿ ಹವಾಮಾನ ಕೆಟ್ಟು ಕೆಲಸ ಅರ್ಧಕ್ಕೆ ನಿಂತಾಗ ಹೀಗೆ ನೂರಾರು ಹಕ್ಕಿಗಳು ಸತ್ತವು. ಮರುವರ್ಷ ಗುಳಿಗೆ ಚೆಲ್ಲುವ ಮೊದಲು ಮೊಲಗಳ ಸಂಖ್ಯೆಯನ್ನು ವೈರಾಣುವಿನಿಂದ ಇಳಿಸಿ, ಬಯಲಲ್ಲಿ ವಿಷದ ಹೆಣಗಳು ಕಡಿಮೆ ಬೀಳುವಂತೆ ಮಾಡಿದರು. 2014ರಲ್ಲಿ ಆ ದ್ವೀಪ ಮುಕ್ತವೆಂದು ಘೋಷಣೆಯಾಯಿತು.

ಈ ನಷ್ಟವನ್ನು ಹಗುರವಾಗಿ ಕಾಣಬಾರದು, ಮೊದಲೇ ಲೆಕ್ಕ ಹಾಕಿ ಜನರಿಗೆ ಹೇಳಬೇಕು. ಆದರೆ ಏನೂ ಮಾಡದಿದ್ದರೆ ಆಗುವ ನಷ್ಟವನ್ನೂ ಅದೇ ತಕ್ಕಡಿಯಲ್ಲಿ ತೂಗಬೇಕು. ಒಂದು ಚಳಿಗಾಲದ ಸಾವುಗಳಿಂದ ಸ್ಕೂವಾಗಳು ಚೇತರಿಸಿಕೊಳ್ಳುತ್ತವೆ. ವರ್ಷವರ್ಷ ಮರಿಗಳನ್ನೂ ಈಗ ಹಿರಿಯ ಹಕ್ಕಿಗಳನ್ನೂ ಕಳೆದುಕೊಳ್ಳುವ ಆಲ್ಬಟ್ರಾಸ್‌ಗೆ ಚೇತರಿಕೆ ಇಲ್ಲ. ಆ ಇಲಿಗಳು ತಾವಾಗಿ ಅಲ್ಲಿಗೆ ಹೋದದ್ದೂ ಅಲ್ಲ. ಹಡಗಿನಲ್ಲಿ ಒಯ್ದವರು ಮನುಷ್ಯರು, ಸರಿಪಡಿಸುವ ಹೊಣೆಯೂ ಮನುಷ್ಯರದೇ.

ನಮ್ಮ ಕಡಲಿನ ನಂಟು

ದೂರದ ಈ ದ್ವೀಪಗಳಿಗೂ ಕರ್ನಾಟಕದ ಕರಾವಳಿಗೂ ನಂಟೇ ಇಲ್ಲವೆಂದಲ್ಲ. ವಿಲ್ಸನ್ಸ್ ಸ್ಟಾರ್ಮ್ ಪೆಟ್ರೆಲ್ ಎಂಬ, ಗುಬ್ಬಚ್ಚಿಗಿಂತ ತುಸು ದೊಡ್ಡದಾದ ಕಪ್ಪು ಹಕ್ಕಿ ದಕ್ಷಿಣ ಜಾರ್ಜಿಯಾ ಮತ್ತು ಅಂಟಾರ್ಕ್ಟಿಕ ಸುತ್ತಲಿನ ದ್ವೀಪಗಳ ಕಲ್ಲುಸಂದಿಗಳಲ್ಲಿ ಮರಿ ಮಾಡುತ್ತದೆ. ಅಲ್ಲಿ ಚಳಿಗಾಲ ಬಂದಾಗ ಅರಬ್ಬಿ ಸಮುದ್ರಕ್ಕೆ ಬರುತ್ತದೆ. ಮಂಗಳೂರು, ಮಲ್ಪೆಗಳಿಂದ ಆಳಕಡಲಿಗೆ ಹೋಗುವವರಿಗೆ ನೀರಿನ ಮೇಲೆ ಕಾಲಾಡಿಸುತ್ತಾ ಹಾರುವ ಈ ಹಕ್ಕಿ ಕಾಣಸಿಗುತ್ತದೆ. ದಕ್ಷಿಣ ಜಾರ್ಜಿಯಾದಲ್ಲಿ ಹೆಗ್ಗಣಗಳನ್ನು ತೆಗೆದದ್ದರಿಂದ ನೆಮ್ಮದಿ ಕಂಡ ಹಕ್ಕಿಗಳ ಸಾಲಿನಲ್ಲಿ ಇದೂ ಒಂದು.

ನಮ್ಮದೇ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದಲ್ಲಿ ಬಿಳಿಹೊಟ್ಟೆಯ ಕಡಲಹದ್ದು ಗೂಡು ಕಟ್ಟುತ್ತದೆ. ನೌಕಾಪಡೆ ಗುಂಡಿನ ಅಭ್ಯಾಸಕ್ಕೆ ಆ ದ್ವೀಪವನ್ನು ಬಳಸಿದ್ದರ ವಿರುದ್ಧ ಪರಿಸರಾಸಕ್ತರು ದನಿ ಎತ್ತಿದ್ದಾರೆ. ಗೂಡುನೆಲೆಯ ದ್ವೀಪಕ್ಕೆ ಇಳಿಯುವಾಗ ಆಹಾರದ ಚೀಲದಲ್ಲಿ ಇಲಿ ಸೇರದಂತೆ ನೋಡಿಕೊಳ್ಳುವುದು, ಉಳಿದ ಊಟ ಅಲ್ಲಿ ಎಸೆಯದಿರುವುದು, ಗೂಡಿನ ಹತ್ತಿರ ಹೋಗದಿರುವುದು ದೇಣಿಗೆಯಷ್ಟೇ ಬೆಲೆಯುಳ್ಳ ನೆರವು. ಇಲಿ ಬಂದ ಮೇಲೆ ತೆಗೆಯಲು ಕೋಟಿ ಬೇಕು, ಬಾರದಂತೆ ತಡೆಯಲು ಎಚ್ಚರ ಸಾಕು.

ದೇಣಿಗೆ ಕೊಡುವ ಮುನ್ನ

ಹಕ್ಕಿಯ ಹೆಸರಿನಲ್ಲಿ ಬರುವ ಎಲ್ಲ ಮನವಿಗಳೂ ಒಂದೇ ತೂಕದವಲ್ಲ. ಕೊಡುವವರು ಕೆಲವು ಪ್ರಶ್ನೆ ಕೇಳಬೇಕು. ಒಟ್ಟು ಬೇಕಾದದ್ದೆಷ್ಟು, ಈವರೆಗೆ ಬಂದದ್ದೆಷ್ಟು? ಗುರಿ ಮುಟ್ಟದಿದ್ದರೆ ಹಣ ಏನಾಗುತ್ತದೆ? ಗೆದ್ದೆವೆಂದು ಯಾವ ಅಳತೆಯಿಂದ ಹೇಳುತ್ತಾರೆ, ಅದನ್ನು ಯಾವಾಗ ಪರೀಕ್ಷಿಸುತ್ತಾರೆ? ಬೇರೆ ಹಕ್ಕಿಗಳಿಗೆ ಆಗುವ ಹಾನಿಯನ್ನು ಮೊದಲೇ ಹೇಳಿದ್ದಾರೆಯೇ? ಕೆಲಸ ಮುಗಿದ ಮೇಲೆ ದ್ವೀಪವನ್ನು ಕಾಯುವವರು ಯಾರು? ಭಾರತದ ಸಂಸ್ಥೆಗಳಿಗೆ ಕೊಡುವಾಗ ದೇಣಿಗೆಗೆ ತೆರಿಗೆ ವಿನಾಯಿತಿ ಕೊಡುವ ನೋಂದಣಿ ಇದೆಯೇ ನೋಡಿ, ರಶೀದಿ ಪಡೆಯಿರಿ. ವಿದೇಶದ ಸಂಸ್ಥೆಗೆ ನೇರವಾಗಿ ಕಳಿಸಿದ ಹಣಕ್ಕೆ ಆ ತೆರಿಗೆ ವಿನಾಯಿತಿ ಇರುವುದಿಲ್ಲ.

ಈ ಪ್ರಶ್ನೆಗಳಿಗೆ ನೇರ ಉತ್ತರ ಕೊಡುವ ಸಂಸ್ಥೆಗೆ ಕೊಟ್ಟ ಹಣ ವ್ಯರ್ಥವಾಗುವುದಿಲ್ಲ. ದಕ್ಷಿಣ ಜಾರ್ಜಿಯಾ ಅದನ್ನು ತೋರಿಸಿಕೊಟ್ಟಿದೆ. ಒಮ್ಮೆ ಪೂರ್ತಿ ಕೊಟ್ಟು ಕೆಲಸ ಗೆದ್ದರೆ ಮತ್ತೆ ಕೊಡಬೇಕಾಗಿಲ್ಲದ ದಾನ ಜಗತ್ತಿನಲ್ಲಿ ವಿರಳ, ದ್ವೀಪವನ್ನು ಇಲಿಯಿಂದ ಬಿಡಿಸುವ ದಾನ ಅಂಥದ್ದು. ಶಕ್ತಿಯಿದ್ದವರು ಕೇಳಿ ತಿಳಿದು ಒಂದು ಹೆಕ್ಟೇರಿನ ಹೊಣೆ ಹೊರಲಿ. ಆಗದವರು ಮರಿಯನ್‌ನ ಸುದ್ದಿಯನ್ನು ಇನ್ನೊಬ್ಬರಿಗೆ ಮುಟ್ಟಿಸಲಿ.